ಹೃದ್ರೋಗ ವಿಭಾಗಕ್ಕೆ ಯಾವ ಸಾಫ್ಟ್‌ವೇರ್? ಇಸಿಜಿ, ಎಕೋ, ಕ್ಯಾಥ್‌ಲ್ಯಾಬ್, ಮಾನಿಟರ್: ಕೊಳ್ಳುವ ಮುನ್ನ ಒಂದು ಹೋಲಿಕೆ

ಎದೆನೋವು ಎಂದು ಬಂದವರ ಇಸಿಜಿ ಕೈಗೆತ್ತಿಕೊಂಡ ಹೃದ್ರೋಗ ತಜ್ಞರ ಬಾಯಲ್ಲಿ ಮೊದಲು ಬರುವ ಮಾತು: "ಹಳೇದು ಇದೆಯಾ?" ಇಸಿಜಿಯಲ್ಲಿ ಕಾಣುತ್ತಿರುವ ಎಲ್‌ಬಿಬಿಬಿ (ಹೃದಯದ ಎಡಗಡೆಯ ವಿದ್ಯುತ್ ದಾರಿಯಲ್ಲಿನ ತಡೆ) ಇವತ್ತು ಶುರುವಾದದ್ದೋ, ಐದು ವರ್ಷದಿಂದ ಇರುವುದೋ? ಎಕೋದಲ್ಲಿ, ಅಂದರೆ ಹೃದಯದ ಅಲ್ಟ್ರಾಸೌಂಡ್‌ನಲ್ಲಿ, ಇಎಫ್ (ಪ್ರತಿ ಬಡಿತಕ್ಕೆ ಎಡ ಹೃತ್ಕುಕ್ಷಿ ಹೊರದೂಡುವ ರಕ್ತದ ಶೇಕಡಾ ಪಾಲು) 40 ಬಂದಿದೆ. ಹೋದ ವರ್ಷ 55 ಇದ್ದಿದ್ದರೆ ರೋಗಿ ಇಳಿಯುತ್ತಿದ್ದಾರೆ, 30 ಇದ್ದಿದ್ದರೆ ಚೇತರಿಸಿಕೊಳ್ಳುತ್ತಿದ್ದಾರೆ. ಸಂಖ್ಯೆ ಅದೇ, ಚಿಕಿತ್ಸೆ ಬೇರೆ.

ಆ ಹಳೇದು ನಮ್ಮಲ್ಲಿ ಎಲ್ಲಿರುತ್ತದೆ? ಬಹುಪಾಲು ರೋಗಿಯ ಮನೆಯ ಪ್ಲಾಸ್ಟಿಕ್ ಕವರ್‌ನಲ್ಲಿ. ಥರ್ಮಲ್ ಕಾಗದದ ಇಸಿಜಿ ಒಂದೆರಡು ಬೇಸಿಗೆ ಕಳೆಯುವಷ್ಟರಲ್ಲಿ ಮಾಸಿರುತ್ತದೆ. ಜೋಪಾನವಾಗಿರಲಿ ಎಂದು ಲ್ಯಾಮಿನೇಷನ್ ಮಾಡಿಸಿದವರ ಪಾಡು ಇನ್ನೂ ಕಷ್ಟ, ಆ ಬಿಸಿಗೆ ಹಾಳೆ ಪೂರ್ತಿ ಕಪ್ಪಾಗುತ್ತದೆ. ಆಂಜಿಯೋಗ್ರಾಂ ಸಿಡಿ ಇದ್ದರೂ ಓಪಿಡಿಯ ಕಂಪ್ಯೂಟರ್‌ನಲ್ಲಿ ಸಿಡಿ ಡ್ರೈವ್ ಇರುವುದಿಲ್ಲ.

ಹಾಗಾಗಿ ಈ ಹೋಲಿಕೆಯಲ್ಲಿ ನಾನು ಹಿಡಿದಿರುವ ಅಳತೆಗೋಲು ಒಂದೇ. ಹೊಸ ದಾಖಲೆ ತೆರೆದಾಗ ಅದೇ ರೋಗಿಯ ಹಳೆಯ ದಾಖಲೆಯನ್ನು, ಅದು ಯಾವ ಕಂಪನಿಯ ಯಂತ್ರದಲ್ಲಿ ತೆಗೆದದ್ದಾದರೂ, ಈ ಸಾಫ್ಟ್‌ವೇರ್ ಪಕ್ಕಕ್ಕೆ ತಂದಿಡುತ್ತದೆಯೇ? ಡೆಮೊದಲ್ಲಿ ಬಣ್ಣಬಣ್ಣವಾಗಿ ತಿರುಗುವ ತ್ರೀಡಿ ಹೃದಯ ನೋಡಿ ಮರುಳಾಗಿ, ಈ ಪ್ರಶ್ನೆ ಕೇಳದೆ ಸಹಿ ಹಾಕುವ ಆಡಳಿತ ಮಂಡಳಿಗಳು ಕಡಿಮೆಯೇನಿಲ್ಲ.

ಒಂದೇ ಕೊಟೇಷನ್‌ನಲ್ಲಿ ನಾಲ್ಕು ಸಾಮಾನು

"ಕಾರ್ಡಿಯಾಲಜಿ ಸಾಫ್ಟ್‌ವೇರ್" ಎಂದು ಕೊಟೇಷನ್ ಕೇಳಿದರೆ ಬರುವುದರಲ್ಲಿ ನಾಲ್ಕು ಬೇರೆ ಬೇರೆ ಕೆಲಸಗಳು ಸೇರಿಕೊಂಡಿರುತ್ತವೆ. ಎಕೋ ಮತ್ತು ಆಂಜಿಯೋ ಚಿತ್ರಗಳನ್ನು ಕೂಡಿಟ್ಟು ತೋರಿಸುವುದು ಒಂದು. ಇಸಿಜಿ, ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ತೆಗೆಯುವ ಇಸಿಜಿ), ಹೋಲ್ಟರ್ (ಮೈಗೆ ಕಟ್ಟಿ ದಿನವಿಡೀ ತೆಗೆಯುವ ಇಸಿಜಿ) ಅಲೆಗಳನ್ನು ನೋಡಿಕೊಳ್ಳುವುದು ಎರಡನೆಯದು. ಅಳತೆಗಳನ್ನು ಎತ್ತಿಕೊಂಡು ರಿಪೋರ್ಟ್ ಬರೆಯುವುದು ಮೂರನೆಯದು. ಐಸಿಯು, ಸಿಸಿಯು (ಹೃದ್ರೋಗಿಗಳ ತೀವ್ರ ನಿಗಾ ಘಟಕ) ಹಾಸಿಗೆಗಳ ಮಾನಿಟರ್‌ಗಳನ್ನು ಒಂದೆಡೆ ತೋರಿಸಿ ಅಲಾರಂ ಕೊಡುವುದು ನಾಲ್ಕನೆಯದು. ಮೊದಲ ಮೂರನ್ನು ಒಬ್ಬರಿಂದಲೇ ಕೊಳ್ಳುವುದಕ್ಕೆ ಅರ್ಥವಿದೆ. ನಾಲ್ಕನೆಯದರ ಜಾತಕವೇ ಬೇರೆ, ಅದನ್ನು ಈ ಪ್ಯಾಕೇಜಿಗೆ ಕಟ್ಟಿ ಕೊಳ್ಳಬೇಡಿ. ಕಾರಣ ಮುಂದೆ ಹೇಳುತ್ತೇನೆ.

ಇನ್ನೊಂದು ಮಾತು ಪ್ರತಿ ಸಭೆಯಲ್ಲೂ ಏಳುತ್ತದೆ: "ರೇಡಿಯಾಲಜಿಗೆ ಪ್ಯಾಕ್ಸ್ ಇದೆಯಲ್ಲ, ಅದರಲ್ಲೇ ಎಕೋ ಹಾಕಿದರಾಗದೇ?" (ಪ್ಯಾಕ್ಸ್ ಎಂದರೆ ಸ್ಕ್ಯಾನ್ ಚಿತ್ರಗಳನ್ನು ಕೂಡಿಟ್ಟು ತೋರಿಸುವ ವ್ಯವಸ್ಥೆ.) ಹಾಕಬಹುದು. ಎಕ್ಸ್‌ರೇ, ಸಿಟಿ, ಎಕೋ, ಆಂಜಿಯೋ ಎಲ್ಲವೂ ಓಡಾಡುವುದು ಡೈಕಾಮ್ ಎಂಬ ಒಂದೇ ಮಾನದಂಡದಲ್ಲಿ. 1985ರಲ್ಲಿ ಅಮೆರಿಕದಲ್ಲಿ ಹುಟ್ಟಿದ ಹಳೆಯ ಮಾನದಂಡ 1993ರಲ್ಲಿ ಈ ಹೆಸರು ಪಡೆಯಿತು. ಆದ್ದರಿಂದ ಚಿತ್ರ ಹೋಗಿ ಕೂರುವುದಕ್ಕೆ ತೊಂದರೆಯಿಲ್ಲ. ತೊಂದರೆ ಶುರುವಾಗುವುದು ನೋಡುವಾಗ. ರೇಡಿಯಾಲಜಿಯ ಚಿತ್ರ ನಿಂತಿರುತ್ತದೆ, ಹೃದಯದ ಚಿತ್ರ ಓಡುತ್ತದೆ. ಸ್ಟ್ರೆಸ್ ಎಕೋದಲ್ಲಿ ವಿಶ್ರಾಂತಿಯ ಕ್ಲಿಪ್ಪನ್ನೂ ಶ್ರಮದ ಕ್ಲಿಪ್ಪನ್ನೂ ಅಕ್ಕಪಕ್ಕ ಇಟ್ಟು, ಬಡಿತದ ವೇಗ ಬೇರೆಯಿದ್ದರೂ ಒಂದೇ ತಾಳದಲ್ಲಿ ಓಡಿಸಬೇಕು. ಇದು ಎಷ್ಟೋ ರೇಡಿಯಾಲಜಿ ಪ್ಯಾಕ್ಸ್‌ಗಳಿಗೆ ಬಾರದ ವಿದ್ಯೆ. ಯಂತ್ರದಲ್ಲಿ ಟೆಕ್ನಿಷಿಯನ್ ಮಾಡಿದ ಅಳತೆಗಳು ಸ್ಟ್ರಕ್ಚರ್ಡ್ ರಿಪೋರ್ಟ್ ರೂಪದಲ್ಲಿ ಬರುತ್ತವೆ. ಅದನ್ನು ಓದಿ ತಾನಾಗಿ ರಿಪೋರ್ಟಿನ ಖಾನೆಗಳಿಗೆ ತುಂಬಿಸುವುದೂ ಅವಕ್ಕೆ ಗೊತ್ತಿರುವುದಿಲ್ಲ. ಆಗ ಏನಾಗುತ್ತದೆ? ಎಡ ಹೃತ್ಕುಕ್ಷಿಯ ಅಗಲ, ಗೋಡೆಯ ದಪ್ಪ, ಕವಾಟದ ಒತ್ತಡ ಎಲ್ಲವನ್ನೂ ಪರದೆ ನೋಡಿಕೊಂಡು ಯಾರೋ ವರ್ಡ್ ಫೈಲ್‌ಗೆ ಮತ್ತೆ ಟೈಪ್ ಮಾಡುತ್ತಾರೆ. ಹಿಂದಿನ ರೋಗಿಯ ಫೈಲನ್ನೇ ತೆರೆದು ಸಂಖ್ಯೆ ಬದಲಿಸುವ ಅಭ್ಯಾಸ ನಮ್ಮ ಎಕೋ ರೂಮುಗಳಲ್ಲಿ ಎಷ್ಟಿದೆ ಎಂಬುದು ಅಲ್ಲಿ ಕೆಲಸ ಮಾಡಿದವರಿಗೆ ಗೊತ್ತು. ಒಂದು ಖಾನೆ ಬದಲಿಸಲು ಮರೆತರೆ ಹಿಂದಿನವರ ಕವಾಟ ಇವರದಾಗುತ್ತದೆ.

ಹಾಗೆಂದು ಎಲ್ಲರಿಗೂ ದೊಡ್ಡ ವ್ಯವಸ್ಥೆ ಬೇಕೆಂದಿಲ್ಲ. ಒಂದೇ ಎಕೋ ಯಂತ್ರ, ವಾರಕ್ಕೆರಡು ದಿನ ಬಂದು ಹೋಗುವ ತಜ್ಞರು, ಕ್ಯಾಥ್‌ಲ್ಯಾಬ್ (ಆಂಜಿಯೋ ಮಾಡಿ ಸ್ಟೆಂಟ್ ಹಾಕುವ ಕೋಣೆ) ಇಲ್ಲ, ಇಂತಹ ನರ್ಸಿಂಗ್ ಹೋಂಗೆ ಇರುವ ಪ್ಯಾಕ್ಸ್ ಜೊತೆಗೆ ಒಂದು ಒಳ್ಳೆಯ ಎಕೋ ರಿಪೋರ್ಟಿಂಗ್ ಸಾಫ್ಟ್‌ವೇರ್ ಸಾಕು. ಅದಕ್ಕಿಂತ ಹೆಚ್ಚು ಮಾರಲು ಬಂದವರಿಗೆ ಕಾಫಿ ಕೊಟ್ಟು ಕಳಿಸಿ.

ದೊಡ್ಡ ಕಂಪನಿ, ಸ್ವತಂತ್ರ ಕಂಪನಿ, ತೆರೆದ ತಂತ್ರಾಂಶ

ಕ್ಯಾಥ್‌ಲ್ಯಾಬ್ ಇರುವ ಆಸ್ಪತ್ರೆಗೆ ಮೂರು ದಾರಿಗಳಿವೆ.

ಮೊದಲನೆಯದು ಯಂತ್ರ ಮಾರುವವರದೇ ಸಾಫ್ಟ್‌ವೇರ್. ಫಿಲಿಪ್ಸ್‌ನ ಇಂಟೆಲಿಸ್ಪೇಸ್ ಕಾರ್ಡಿಯೊವ್ಯಾಸ್ಕ್ಯುಲರ್ (ಹಿಂದೆ ಎಕ್ಸ್‌ಸೆಲೆರಾ ಎಂದಿದ್ದದ್ದು), ಸೀಮೆನ್ಸ್‌ನ ಸಿಂಗೊ ಡೈನಮಿಕ್ಸ್, ಇಸಿಜಿಯಲ್ಲಿ ಜಿಇಯ ಮ್ಯೂಸ್. ಇವುಗಳ ಬಲ, ತಮ್ಮದೇ ಯಂತ್ರದ ದತ್ತಾಂಶದ ಒಳಗುಟ್ಟು ಇವಕ್ಕೆ ಗೊತ್ತಿರುವುದು. ಆಸ್ಪತ್ರೆಯ ಎಕೋ, ಕ್ಯಾಥ್‌ಲ್ಯಾಬ್ ಎರಡೂ ಒಂದೇ ಕಂಪನಿಯದಾಗಿದ್ದು ಮುಂದೆಯೂ ಹಾಗೇ ಇರುತ್ತದೆ ಎನ್ನುವುದಾದರೆ ಇದು ನೆಮ್ಮದಿಯ ದಾರಿ. ಆದರೆ ನಮ್ಮ ಆಸ್ಪತ್ರೆಗಳಲ್ಲಿ ಹಾಗಿರುವುದು ಅಪರೂಪ. ಒಂದು ಎಕೋ ದಾನಿಗಳು ಕೊಟ್ಟದ್ದು, ಇನ್ನೊಂದು ಟೆಂಡರ್‌ನಲ್ಲಿ ಕಡಿಮೆ ದರಕ್ಕೆ ಬಂದದ್ದು, ಮೂರನೆಯದು ಹೊಸ ತಜ್ಞರು ಸೇರುವಾಗ ಹಟ ಹಿಡಿದು ತರಿಸಿದ್ದು.

ಎರಡನೆಯದು ಯಂತ್ರದ ಹಂಗು ಕಡಿಮೆ ಇರುವವು. ಫ್ಯೂಜಿಫಿಲ್ಮ್‌ನ ಸಿನಾಪ್ಸ್ ಕಾರ್ಡಿಯೊವ್ಯಾಸ್ಕ್ಯುಲರ್, ಮರ್ಜ್ ಕಾರ್ಡಿಯೊ ಇಂಥವು. ಬೇರೆ ಬೇರೆ ಯಂತ್ರಗಳಿಂದ ಬಂದದ್ದನ್ನು ಒಂದೇ ಪರದೆಯಲ್ಲಿ ತೋರಿಸುವುದೇ ಇವುಗಳ ಕಸುಬು. ಆದರೆ ಈ ವ್ಯಾಪಾರದಲ್ಲಿ ಮಾಲೀಕರು ಬದಲಾಗುತ್ತಲೇ ಇರುತ್ತಾರೆ. ಮರ್ಜ್ ಅನ್ನು 2015ರಲ್ಲಿ ಐಬಿಎಂ ಕೊಂಡಿತು, 2022ರಲ್ಲಿ ಆ ಇಡೀ ಆರೋಗ್ಯ ವಿಭಾಗ ಕೈಬದಲಾಗಿ ಮೆರೇಟಿವ್ ಎಂಬ ಹೆಸರಿಗೆ ಬಂತು. ತಟಸ್ಥವೆಂದು ಹೆಸರಾಗಿದ್ದ ಎಕೋ ವಿಶ್ಲೇಷಣೆಯ ಟಾಮ್‌ಟೆಕ್ ಕಂಪನಿಯನ್ನು 2017ರಲ್ಲಿ ಫಿಲಿಪ್ಸ್ ಕೊಂಡಿತು. ಇದರಿಂದ ತಂತ್ರಾಂಶ ಕೆಟ್ಟುಹೋಗುವುದಿಲ್ಲ. ಆದರೆ ಇವತ್ತು ಸಹಿ ಹಾಕುವ ಕಂಪನಿಯೇ ಹತ್ತು ವರ್ಷದ ಮೇಲೂ ಎದುರಿಗೆ ಕೂತಿರುತ್ತದೆ ಎಂದು ನಂಬಿ ಕರಾರು ಬರೆಯಬಾರದು.

ಮೂರನೆಯ ದಾರಿ ತೆರೆದ ತಂತ್ರಾಂಶ. ಬೆಲ್ಜಿಯಂನ ಲಿಯೇಜ್ ವಿಶ್ವವಿದ್ಯಾಲಯ ಆಸ್ಪತ್ರೆಯಲ್ಲಿ ಹುಟ್ಟಿ 2012ರಲ್ಲಿ ಹೊರಬಂದ ಆರ್ಥಾಂಕ್ ಸಣ್ಣದೊಂದು ಕಂಪ್ಯೂಟರ್‌ನಲ್ಲೂ ನಡೆಯುವ ಡೈಕಾಮ್ ಸರ್ವರ್. ಅದಕ್ಕಿಂತ ಭಾರವಾದ್ದು ಬೇಕಿದ್ದರೆ ಡಿಸಿಎಂ4ಚೀ ಇದೆ. ನೋಡಲು ಬ್ರೌಸರ್‌ನಲ್ಲಿ ತೆರೆಯುವ ಓಎಚ್‌ಐಎಫ್, ಕಂಪ್ಯೂಟರ್‌ಗೆ ಹಾಕಿಕೊಳ್ಳುವ ವೀಸಿಸ್. ಲೈಸೆನ್ಸ್ ಹಣ ಇಲ್ಲ, ದತ್ತಾಂಶ ನಿಮ್ಮದೇ ಡಿಸ್ಕ್‌ನಲ್ಲಿ, ಯಾರ ಅಪ್ಪಣೆಯೂ ಬೇಡ. ಆದರೆ ಆರ್ಥಾಂಕ್ ಚಿತ್ರ ಇಟ್ಟುಕೊಳ್ಳುತ್ತದೆಯೇ ಹೊರತು ನಿಮ್ಮ ಎಕೋ ರಿಪೋರ್ಟ್ ಬರೆದುಕೊಡುವುದಿಲ್ಲ. ರಾತ್ರಿ ಹನ್ನೊಂದಕ್ಕೆ ಡಿಸ್ಕ್ ತುಂಬಿ ಕ್ಯಾಥ್‌ಲ್ಯಾಬ್‌ನಿಂದ ಚಿತ್ರ ಹೋಗುತ್ತಿಲ್ಲ ಎಂದರೆ ಫೋನ್ ಎತ್ತಲು ನಿಮ್ಮದೇ ಮನುಷ್ಯ ಬೇಕು. ಲಿನಕ್ಸ್ ಬಲ್ಲ ಒಬ್ಬ ಐಟಿ ಹುಡುಗ ಇದ್ದಾನೆ ಎನ್ನುವುದು ಸಾಲದು, ಅವನು ಕೆಲಸ ಬಿಟ್ಟು ಹೋದ ಮರುದಿನವೂ ನಡೆಯಬೇಕು. ಇನ್ನೊಂದು ವಿಷಯ: ಭಾರತದಲ್ಲಿ 2020ರ ಏಪ್ರಿಲ್ 1ರಿಂದ ರೋಗನಿರ್ಣಯಕ್ಕೆ ಬಳಸುವ ಸಾಫ್ಟ್‌ವೇರ್ ಕೂಡ ವೈದ್ಯಕೀಯ ಸಾಧನಗಳ ಕಾನೂನಿನ ಅಡಿಗೆ ಬರುತ್ತದೆ. ಹಾಗಾಗಿ ತೆರೆದ ತಂತ್ರಾಂಶವನ್ನು ಸಂಗ್ರಹಕ್ಕೆ, ಬೋಧನೆಗೆ, ಬ್ಯಾಕಪ್‌ಗೆ ಧಾರಾಳವಾಗಿ ಬಳಸಿ, ರೋಗನಿರ್ಣಯದ ಪರದೆಗೆ ನೋಂದಣಿ ಇರುವುದನ್ನೇ ಇಡಿ.

ನನಗೆ ಹಿಡಿಸುವ ಜೋಡಣೆ ಎರಡನೆಯ ಮತ್ತು ಮೂರನೆಯ ದಾರಿಗಳ ಮಿಶ್ರಣ. ರಿಪೋರ್ಟಿಂಗ್ ಮತ್ತು ವೀಕ್ಷಣೆಗೆ ಎರಡನೆಯ ಬಗೆಯದು, ಅದರ ಬೆನ್ನಿಗೆ ಪ್ರತಿ ಚಿತ್ರದ ಇನ್ನೊಂದು ಪ್ರತಿ ಹೋಗಿ ಕೂರುವಂತೆ ಒಂದು ಆರ್ಥಾಂಕ್. ಮುಂದೊಮ್ಮೆ ಆ ಸಾಫ್ಟ್‌ವೇರ್ ಕಂಪನಿಯೊಡನೆ ಜಗಳವಾದರೆ ನಿಮ್ಮ ಚಿತ್ರಗಳು ಅವರ ಬೀಗದೊಳಗೆ ಸಿಕ್ಕಿಕೊಳ್ಳುವುದಿಲ್ಲ.

ಎಕೋ: ಕಚ್ಚಾ ದತ್ತಾಂಶದ ಪ್ರಶ್ನೆ

ಎಕೋದಲ್ಲಿ ಮಾರಾಟಗಾರರು ಹೇಳದೆ ಬಿಡುವ ಸಂಗತಿಯೊಂದಿದೆ. ಯಂತ್ರದೊಳಗೆ ಚಿತ್ರ ಸೆಕೆಂಡಿಗೆ 60, 70 ಫ್ರೇಮ್ ಇರುತ್ತದೆ. ಅದನ್ನು ಸಾಮಾನ್ಯ ಡೈಕಾಮ್ ಆಗಿ ಹೊರಗೆ ಕಳಿಸುವಾಗ ಬಹಳಷ್ಟು ಯಂತ್ರಗಳು 30ಕ್ಕೆ ಇಳಿಸುತ್ತವೆ. ಕಣ್ಣಿಗೆ ವ್ಯತ್ಯಾಸ ಕಾಣದು. ಇಎಫ್ ಲೆಕ್ಕಕ್ಕೂ ದೊಡ್ಡ ಬಾಧೆಯಿಲ್ಲ. ಆದರೆ ಸ್ಟ್ರೈನ್ ಅಳೆಯುವಾಗ, ಅಂದರೆ ಹೃದಯದ ಸ್ನಾಯು ಎಷ್ಟು ಕುಗ್ಗುತ್ತಿದೆ ಎಂದು ಚುಕ್ಕಿ ಚುಕ್ಕಿ ಬೆನ್ನಟ್ಟಿ ಲೆಕ್ಕ ಹಾಕುವಾಗ, ಸಾಮಾನ್ಯವಾಗಿ 40ರಿಂದ 80 ಫ್ರೇಮ್ ಬೇಕು. ಕ್ಯಾನ್ಸರ್ ಔಷಧಿ ತೆಗೆದುಕೊಳ್ಳುತ್ತಿರುವವರ ಹೃದಯಕ್ಕೆ ಪೆಟ್ಟು ಬೀಳುತ್ತಿದೆಯೇ ಎಂದು ಬೇಗ ತಿಳಿಯಲು ಇವತ್ತು ನೆಚ್ಚುವುದು ಇದೇ ಅಳತೆಯನ್ನು.

ಕಚ್ಚಾ ದತ್ತಾಂಶವನ್ನೇ ಉಳಿಸಿದರೆ ಫ್ರೇಮ್ ಉಳಿಯುತ್ತದೆ. ಆದರೆ ಅದನ್ನು ಓದಲು ಜಿಇ ಯಂತ್ರದ್ದಕ್ಕೆ ಎಕೋಪ್ಯಾಕ್, ಫಿಲಿಪ್ಸ್ ಯಂತ್ರದ್ದಕ್ಕೆ ಕ್ಯುಲ್ಯಾಬ್ ಎಂದು ಅವರವರ ತಂತ್ರಾಂಶವೇ ಬೇಕು. ಇನ್ನೂ ಒಂದು ತೊಡಕು: ಒಂದೇ ಹೃದಯಕ್ಕೆ ಎರಡು ಕಂಪನಿಗಳ ಸ್ಟ್ರೈನ್ ಸಂಖ್ಯೆ ಒಂದೇ ಬರುವುದಿಲ್ಲ. ಜನವರಿಯಲ್ಲಿ ಒಂದು ಯಂತ್ರದಲ್ಲಿ ಮೈನಸ್ 20, ಜೂನ್‌ನಲ್ಲಿ ಇನ್ನೊಂದರಲ್ಲಿ ಮೈನಸ್ 17 ಬಂದರೆ ಹೃದಯ ಸೋತಿದೆಯೋ ಯಂತ್ರ ಬದಲಾಗಿದೆಯೋ ಹೇಳುವುದು ಹೇಗೆ? ಆಂಕಾಲಜಿ ವಿಭಾಗ ಇರುವ ಆಸ್ಪತ್ರೆ ಇದನ್ನು ಮೊದಲೇ ತೀರ್ಮಾನಿಸಬೇಕು. ಒಂದೋ ಅಂಥ ರೋಗಿಗಳಿಗೆ ಯಾವಾಗಲೂ ಅದೇ ಯಂತ್ರ, ಇಲ್ಲವೇ ಎಲ್ಲ ಯಂತ್ರಗಳ ಚಿತ್ರಕ್ಕೂ ಒಂದೇ ವಿಶ್ಲೇಷಣಾ ತಂತ್ರಾಂಶ ಮತ್ತು ರಫ್ತಿನ ಫ್ರೇಮ್ ದರ ಏರಿಸಿಕೊಳ್ಳುವುದು. ಹಲವು ಯಂತ್ರಗಳಲ್ಲಿ ಇದು ಸೆಟ್ಟಿಂಗ್‌ನಲ್ಲೇ ಇರುತ್ತದೆ, ಯಾರೂ ಮುಟ್ಟಿರುವುದಿಲ್ಲ. ಆಂಕಾಲಜಿ ಇಲ್ಲದ ಜಿಲ್ಲಾ ಕೇಂದ್ರದ ಆಸ್ಪತ್ರೆ ಸ್ಟ್ರೈನ್ ಮಾಡ್ಯೂಲ್‌ಗೆ ದುಡ್ಡು ಸುರಿಯುವ ಮುಂಚೆ ವರ್ಷಕ್ಕೆ ಎಷ್ಟು ಜನರಿಗೆ ಅದನ್ನು ಮಾಡುತ್ತೇವೆ ಎಂದು ಲೆಕ್ಕ ಹಾಕಲಿ.

ತಾನಾಗಿ ಇಎಫ್ ಅಳೆಯುವ ಎಐ ಈಗ ಎಲ್ಲರ ಚೀಲದಲ್ಲೂ ಇದೆ. ಚಿತ್ರ ಸ್ವಚ್ಛವಾಗಿದ್ದಾಗ ಕೆಲಸ ಚೆನ್ನಾಗಿಯೇ ಮಾಡುತ್ತದೆ, ಸಮಯ ಉಳಿಸುತ್ತದೆ. ನೋಡಬೇಕಾದ್ದು ಎರಡು: ಸ್ಥೂಲಕಾಯದವರ, ಉಬ್ಬಸದವರ ಮಸುಕು ಚಿತ್ರದಲ್ಲಿ ಅದು "ಅಳೆಯಲಾಗದು" ಎನ್ನುತ್ತದೆಯೋ ಅಥವಾ ಧೈರ್ಯವಾಗಿ ಒಂದು ಸಂಖ್ಯೆ ಒಗೆಯುತ್ತದೆಯೋ, ಅದು ಎಳೆದ ಗೆರೆಯನ್ನು ವೈದ್ಯರು ಸರಿಸಿದರೆ ಆ ತಿದ್ದುಪಡಿ ದಾಖಲಾಗುತ್ತದೆಯೋ ಇಲ್ಲವೋ.

ಕ್ಯಾಥ್‌ಲ್ಯಾಬ್: ಜಾಗದ ಲೆಕ್ಕ

ಇಲ್ಲಿ ಸಾಫ್ಟ್‌ವೇರ್ ಹೋಲಿಕೆಗಿಂತ ಡಿಸ್ಕ್ ಲೆಕ್ಕ ಮುಖ್ಯ. ಒಂದು ಫ್ರೇಮ್ 1024ಕ್ಕೆ 1024 ಚುಕ್ಕಿ, ಚುಕ್ಕಿಗೆ ಎರಡು ಬೈಟ್ ಎಂದರೆ 2 ಎಂಬಿ. ಸೆಕೆಂಡಿಗೆ 15 ಫ್ರೇಮ್, ಆರು ಸೆಕೆಂಡಿನ ಒಂದು ರನ್ (ಒಮ್ಮೆಗೆ ತೆಗೆದ ಓಡುವ ಚಿತ್ರ), ಅಲ್ಲಿಗೆ 180 ಎಂಬಿ. ಒಂದು ಆಂಜಿಯೋಗೆ ಹತ್ತು ರನ್ ಹಿಡಿದರೆ 1.8 ಜಿಬಿ. ದಿನಕ್ಕೆ ಎಂಟು ಕೇಸ್, ವರ್ಷಕ್ಕೆ 300 ದಿನ: ಹತ್ತಿರ ಹತ್ತಿರ 4.3 ಟಿಬಿ. ಗುಣಮಟ್ಟ ಕೆಡದಂತೆ ಒತ್ತಿದರೆ ಅರ್ಧಕ್ಕೋ ಮೂರನೇ ಒಂದಕ್ಕೋ ಇಳಿಯುತ್ತದೆ. 512ರ ಹಳೆಯ ರೂಪದಲ್ಲಿ, ಚುಕ್ಕಿಗೆ ಒಂದೇ ಬೈಟ್‌ನಲ್ಲಿ ಕಳಿಸಿದರೆ ಎಂಟನೇ ಒಂದು ಭಾಗ ಸಾಕು. ಯಾವ ರೂಪದಲ್ಲಿ ಕಳಿಸಲು ಎಂಜಿನಿಯರ್ ಸೆಟ್ ಮಾಡಿ ಹೋಗಿದ್ದಾರೆ ಎಂದು ಕೇಳದೆ ಸ್ಟೋರೇಜ್ ಕೊಟೇಷನ್ ಒಪ್ಪಬೇಡಿ. ಕ್ಲೌಡ್‌ನವರು ಪ್ರತಿ ಟಿಬಿಗೆ ತಿಂಗಳ ಬಾಡಿಗೆ ಹೇಳುತ್ತಾರಲ್ಲ, ಈ ಸಂಖ್ಯೆಯನ್ನು ಏಳೆಂಟು ವರ್ಷಕ್ಕೆ ಗುಣಿಸಿ ನೋಡಿ, ಆಮೇಲೆ ಅವರ ಮಾತಿನ ಸವಿ ಎಷ್ಟು ಉಳಿಯುತ್ತದೋ ನೋಡೋಣ.

ಎಷ್ಟು ವರ್ಷ ಇಡಬೇಕು? ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮಾವಳಿ ಒಳರೋಗಿಯ ದಾಖಲೆಗೆ ಮೂರು ವರ್ಷ ಎನ್ನುತ್ತದೆ, ಕೇಳಿದರೆ 72 ಗಂಟೆಯೊಳಗೆ ಕೊಡಬೇಕು ಎಂದೂ ಹೇಳುತ್ತದೆ. ಆದರೆ ಹೃದಯದ ರೋಗಿ ಮೂರು ವರ್ಷಕ್ಕೆ ಮುಗಿಯುವ ಲೆಕ್ಕವಲ್ಲ. ಇವತ್ತು ಸ್ಟೆಂಟ್ ಹಾಕಿಸಿಕೊಂಡವರು ಎಂಟನೇ ವರ್ಷ ಎದೆ ಹಿಡಿದುಕೊಂಡು ಬಂದಾಗ ಮೊದಲ ಆಂಜಿಯೋ ಬೇಕೇ ಬೇಕು. ಎರಡು ವರ್ಷದ್ದು ವೇಗದ ಡಿಸ್ಕ್‌ನಲ್ಲಿ, ಹಳೆಯದು ಅಗ್ಗದ ಡಿಸ್ಕ್‌ನಲ್ಲಿ ಎಂದು ಎರಡು ಅಟ್ಟ ಮಾಡಿದರೆ ಖರ್ಚು ಹಿಡಿತಕ್ಕೆ ಬರುತ್ತದೆ.

ಇಸಿಜಿ: ಪಿಡಿಎಫ್ ಸಾಕೇ?

ಅತಿ ಅಗ್ಗದ ಪರೀಕ್ಷೆ, ಅತಿ ಹೆಚ್ಚು ಬಾರಿ ಮಾಡುವ ಪರೀಕ್ಷೆ, ಆದರೆ ಸಾಫ್ಟ್‌ವೇರ್ ಆರಿಸುವಾಗ ಎಲ್ಲರೂ ಕಡೆಗಣಿಸುವುದು ಇದನ್ನೇ. ಆಯ್ಕೆ ಇರುವುದು ಎರಡರ ನಡುವೆ. ಇಸಿಜಿ ಯಂತ್ರದಿಂದ ಪಿಡಿಎಫ್ ತೆಗೆದು ಆಸ್ಪತ್ರೆಯ ದಾಖಲೆಗೆ ಅಂಟಿಸುವುದು ಒಂದು. ಮ್ಯೂಸ್, ಶಿಲ್ಲರ್‌ನ ಸೆಮಾ, ಎಪಿಫ್ಯಾನಿ ಥರದ ಇಸಿಜಿ ನಿರ್ವಹಣಾ ವ್ಯವಸ್ಥೆ ಇನ್ನೊಂದು.

ಪಿಡಿಎಫ್ ಎಂದರೆ ಫೋಟೊ. ಕಣ್ಣಿಗೆ ಸಾಕು. ಆದರೆ ಎರಡು ಇಸಿಜಿಯ ಎಸ್‌ಟಿ (ಹೃದಯಾಘಾತದಲ್ಲಿ ಏರುಪೇರಾಗುವ ಅಲೆಯ ಭಾಗ) ಎತ್ತರವನ್ನು ಒಂದರ ಮೇಲೊಂದು ಇಟ್ಟು ನೋಡಲು, ಕ್ಯಾಲಿಪರ್ ಹಿಡಿದು ಅಳೆಯಲು, "ಕಳೆದ ಆರು ತಿಂಗಳಲ್ಲಿ ಕ್ಯುಟಿ ಉದ್ದವಾದವರು ಯಾರು" (ಕ್ಯುಟಿ ಎಂದರೆ ಒಂದು ಬಡಿತದಲ್ಲಿ ಹೃತ್ಕುಕ್ಷಿಗಳ ವಿದ್ಯುತ್ ಚಟುವಟಿಕೆಯ ಅವಧಿ) ಎಂದು ಹುಡುಕಲು ಅಲೆಯ ಮೂಲ ಸಂಖ್ಯೆಗಳೇ ಬೇಕು. ಅವು ಡೈಕಾಮ್ ವೇವ್‌ಫಾರ್ಮ್, ಎಸ್‌ಸಿಪಿ ಅಥವಾ ಎಕ್ಸ್‌ಎಂಎಲ್ ರೂಪದಲ್ಲಿ ಹೊರಬರುತ್ತವೆಯೇ ಎಂದು ಇಸಿಜಿ ಯಂತ್ರ ಕೊಳ್ಳುವಾಗಲೇ ಕೇಳಬೇಕು. ಕೆಲವು ಅಗ್ಗದ ಯಂತ್ರಗಳಲ್ಲಿ ಬರುವುದೇ ಇಲ್ಲ, ಆಮೇಲೆ ಎಷ್ಟು ದುಬಾರಿ ಸಾಫ್ಟ್‌ವೇರ್ ತಂದರೂ ಅದು ಪಿಡಿಎಫ್ ಕಪಾಟು ಅಷ್ಟೇ.

ಸಾಫ್ಟ್‌ವೇರ್ ಸಾಫ್ಟ್‌ವೇರ್ ನಡುವೆ ಲೆಕ್ಕವೂ ಬೇರೆ. ಒಂದು ಉದಾಹರಣೆ ನೋಡಿ. ಹೃದಯ ಬಡಿತ ನಿಮಿಷಕ್ಕೆ 100, ಅಳೆದ ಕ್ಯುಟಿ 360 ಮಿಲಿಸೆಕೆಂಡ್. ಬಡಿತದ ವೇಗಕ್ಕೆ ತಕ್ಕಂತೆ ಬ್ಯಾಜೆಟ್ ಸೂತ್ರದಲ್ಲಿ ತಿದ್ದಿದ ಕ್ಯುಟಿ 465, ಫ್ರಿಡೆರಿಸಿಯಾ ಸೂತ್ರದಲ್ಲಿ 427. ಗಂಡಸರಲ್ಲಿ 450 ಮುಟ್ಟಿದರೆ ಉದ್ದ ಎಂದು ಗುರುತಿಸುವ ರೂಢಿ. ಅಂದರೆ ಅದೇ ಮನುಷ್ಯ, ಅದೇ ಅಲೆ, ಒಂದು ಸಾಫ್ಟ್‌ವೇರ್‌ನಲ್ಲಿ ಕೆಂಪು ಗುರುತು, ಇನ್ನೊಂದರಲ್ಲಿ ಏನೂ ಇಲ್ಲ. ಹಳೆಯ ವ್ಯವಸ್ಥೆಯಿಂದ ಹೊಸದಕ್ಕೆ ಬಂದ ಮರುದಿನ ವಾರ್ಡ್‌ನಲ್ಲಿ ಅರ್ಧದಷ್ಟು ಜನರ ಕ್ಯುಟಿ "ಸರಿಹೋಗಿ"ದ್ದರೆ ಸೂತ್ರ ಬದಲಾಗಿದೆ ಎಂದು ತಿಳಿಯಿರಿ. ಯಾವ ಸೂತ್ರ ಎಂದು ರಿಪೋರ್ಟಿನ ಮೇಲೆ ಮುದ್ರಿಸುವ, ಸೂತ್ರ ಆರಿಸಲು ಬಿಡುವ ವ್ಯವಸ್ಥೆಯನ್ನೇ ತೆಗೆದುಕೊಳ್ಳಿ.

ಫಿಲ್ಟರ್‌ನದೂ ಇದೇ ಕಥೆ. ರೋಗನಿರ್ಣಯದ ಇಸಿಜಿಗೆ 0.05ರಿಂದ 150 ಹರ್ಟ್ಸ್ ಬೇಕು. ಹಾಸಿಗೆ ಪಕ್ಕದ ಮಾನಿಟರ್ ಗೆರೆ ಅಲ್ಲಾಡದಿರಲಿ ಎಂದು 0.5ರಿಂದ 40ಕ್ಕೆ ಕತ್ತರಿಸಿ ತೋರಿಸುತ್ತದೆ. ಈ ಕತ್ತರಿಯಿಂದ ಎಸ್‌ಟಿ ಗೆರೆಯೇ ವಕ್ರವಾಗಬಹುದು. ಮಾನಿಟರ್‌ನ ಮುದ್ರಣವನ್ನು 12 ಲೀಡ್ ಇಸಿಜಿಯ ಜಾಗದಲ್ಲಿ ದಾಖಲಿಸಲು ಬಿಡುವ ಸಾಫ್ಟ್‌ವೇರ್, ಕನಿಷ್ಠ ಅದರ ಮೇಲೆ ಫಿಲ್ಟರ್ ಸಂಖ್ಯೆಯನ್ನಾದರೂ ಉಳಿಸಿಕೊಂಡಿರಬೇಕು.

ಹೋಲ್ಟರ್ ಬಗ್ಗೆ ಒಂದೇ ಮಾತು. 24 ಗಂಟೆಗೆ ಸುಮಾರು ಒಂದು ಲಕ್ಷ ಬಡಿತ. ಅದನ್ನು ತಿದ್ದಿ ಮುಗಿಸಲು ನಿಮ್ಮ ಟೆಕ್ನಿಷಿಯನ್‌ಗೆ ಎಷ್ಟು ಹೊತ್ತು ಹಿಡಿಯಿತು ಎಂಬುದೊಂದೇ ಹೋಲಿಕೆ. ಎರಡೂ ಸಾಫ್ಟ್‌ವೇರ್‌ಗೆ ಅದೇ ಫೈಲ್ ಕೊಟ್ಟು ಗಡಿಯಾರ ನೋಡಿ. ಎಟ್ರಿಯಲ್ ಫಿಬ್ರಿಲೇಷನ್ (ತಾಳ ತಪ್ಪಿದ ಬಡಿತ) ಇರುವ, ಕೈಕಾಲು ಆಡಿಸಿದ ಗದ್ದಲ ತುಂಬಿರುವ ಫೈಲ್ ಆದರೆ ಉತ್ತಮ.

ತಾಲ್ಲೂಕು ಆಸ್ಪತ್ರೆಗೆ ಬೇಕಾದ್ದು ಬೇರೆ

ತಜ್ಞರೇ ಇಲ್ಲದ ಕಡೆ ಮೇಲಿನ ಯಾವ ವ್ಯವಸ್ಥೆಯೂ ಉಪಯೋಗಕ್ಕೆ ಬಾರದು. ಅಲ್ಲಿ ಬೇಕಿರುವುದು ಇಸಿಜಿ ತೆಗೆದ ಕೆಲವೇ ನಿಮಿಷದಲ್ಲಿ ಅದನ್ನು ಓದಿ ಹೇಳುವವರು. ಎದೆನೋವಿನವರು ಬಂದ 10 ನಿಮಿಷದೊಳಗೆ ಇಸಿಜಿ ಆಗಬೇಕು, ಓದಿಯೂ ಆಗಿರಬೇಕು ಎನ್ನುವುದು ಎಲ್ಲೆಡೆಯ ಮಾರ್ಗಸೂಚಿ. ಬೆಂಗಳೂರಿನ ಟ್ರೈಕಾಗ್‌ನಂಥ ಸೇವೆಗಳು ಇದನ್ನೇ ಮಾಡುತ್ತವೆ: ಯಂತ್ರದಿಂದ ಅಲೆ ಮೊಬೈಲ್ ಜಾಲದ ಮೂಲಕ ಹೋಗುತ್ತದೆ, ಎಐ ಮೊದಲು ಜರಡಿ ಹಿಡಿಯುತ್ತದೆ, ವೈದ್ಯರು ಖಚಿತಪಡಿಸಿ ಉತ್ತರ ಕಳಿಸುತ್ತಾರೆ. ಕರ್ನಾಟಕ ಸರ್ಕಾರದ ಡಾ. ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯೂ ಇದೇ ಮಾದರಿಯದು. ಜಯದೇವ ಸಂಸ್ಥೆಯಂಥ ದೊಡ್ಡ ಕೇಂದ್ರಗಳಿಗೆ ತಾಲ್ಲೂಕು, ಜಿಲ್ಲಾ ಆಸ್ಪತ್ರೆಗಳನ್ನು ಜೋಡಿಸಿ, ಹೃದಯಾಘಾತ ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡುವ ವ್ಯವಸ್ಥೆ.

ಇಂಥ ಸೇವೆಗಳನ್ನು ಹೋಲಿಸುವಾಗ ಪರದೆಯ ಅಂದ ನೋಡಬೇಡಿ. ರಾತ್ರಿ ಎರಡು ಗಂಟೆಗೆ ಉತ್ತರ ಬರಲು ಎಷ್ಟು ನಿಮಿಷ ಹಿಡಿಯಿತು ಎಂಬ ಪಟ್ಟಿ ಕೇಳಿ, ಸರಾಸರಿ ಬೇಡ, ಅತಿ ತಡವಾದ ಹತ್ತು ತೋರಿಸಿ ಎನ್ನಿ. ಸಿಗ್ನಲ್ ಹೋದಾಗ ಇಸಿಜಿ ಯಂತ್ರದಲ್ಲೇ ಕಾದಿದ್ದು ಮತ್ತೆ ತಾನೇ ಹೋಗುತ್ತದೆಯೇ? ಎಲೆಕ್ಟ್ರೋಡ್ ಅದಲು ಬದಲಾದರೆ ಎಚ್ಚರಿಸುತ್ತದೆಯೇ? ಬಲಗೈ, ಎಡಗೈ ತಂತಿ ಬದಲಾಗುವುದು ಗಡಿಬಿಡಿಯ ರಾತ್ರಿಯಲ್ಲಿ ತೀರಾ ಸಾಮಾನ್ಯ.

ಮಾನಿಟರ್ ಜಾಲ

ಫಿಲಿಪ್ಸ್, ಜಿಇ, ಮೈಂಡ್ರೇ, ನಿಹೊನ್ ಕೊಡೆನ್ ಎಲ್ಲರಿಗೂ ತಮ್ಮದೇ ಸೆಂಟ್ರಲ್ ಸ್ಟೇಷನ್ (ಎಲ್ಲ ಹಾಸಿಗೆಗಳ ಮಾನಿಟರ್ ಒಂದೆಡೆ ತೋರಿಸುವ ಪರದೆ) ಇದೆ. ಒಬ್ಬರ ಸ್ಟೇಷನ್‌ಗೆ ಇನ್ನೊಬ್ಬರ ಮಾನಿಟರ್ ಸಾಮಾನ್ಯವಾಗಿ ಒಗ್ಗುವುದಿಲ್ಲ. ಆದ್ದರಿಂದಲೇ ಇದನ್ನು ಚಿತ್ರದ ಸಾಫ್ಟ್‌ವೇರ್ ಜೊತೆ ಕಟ್ಟಬೇಡಿ ಎಂದದ್ದು. ಇಲ್ಲಿ ನಿರ್ಧಾರ ಮಾಡುವುದು ನಿಮ್ಮಲ್ಲಿ ಈಗಾಗಲೇ ಇರುವ ಮಾನಿಟರ್‌ಗಳು. ಹನ್ನೆರಡು ಹಾಸಿಗೆಯಲ್ಲಿ ಹತ್ತು ಒಂದೇ ಕಂಪನಿಯದಿದ್ದರೆ ಆ ಕಂಪನಿಯದೇ ಸ್ಟೇಷನ್, ಉಳಿದೆರಡನ್ನು ಬೇರೆ ವಾರ್ಡಿಗೆ ಕಳಿಸಿ.

ನಿಜವಾದ ಹೋಲಿಕೆ ಅಲಾರಂನದು. ಆಸ್ಪತ್ರೆಗಳ ಗುಣಮಟ್ಟ ಪರಿಶೀಲಿಸುವ ಅಮೆರಿಕದ ಜಾಯಿಂಟ್ ಕಮಿಷನ್ 2013ರಲ್ಲಿ ಹೊರಡಿಸಿದ ಎಚ್ಚರಿಕೆಯಲ್ಲಿ, ಅಲಾರಂಗಳಲ್ಲಿ 85ರಿಂದ 99 ಶೇಕಡಾ ಯಾವ ಚಿಕಿತ್ಸೆಯೂ ಬೇಕಿಲ್ಲದವು ಎಂದಿತ್ತು. 2009ರ ಜನವರಿಯಿಂದ 2012ರ ಜೂನ್‌ವರೆಗೆ ಅಲಾರಂಗೆ ಸಂಬಂಧಿಸಿ ತನಗೆ ವರದಿಯಾದ 98 ಪ್ರಕರಣಗಳಲ್ಲಿ 80 ಸಾವಿನಲ್ಲಿ ಮುಗಿದಿದ್ದವು ಎಂದೂ ಅದು ಹೇಳಿತು. ಸಿಸಿಯುನಲ್ಲಿ ಐದು ನಿಮಿಷ ನಿಂತರೆ ಸಾಕು, ಏಕೆ ಎಂದು ತಿಳಿಯುತ್ತದೆ. ಸಿಸ್ಟರ್ ಒಬ್ಬರು ಇಂಜೆಕ್ಷನ್ ತುಂಬುತ್ತಲೇ, ತಲೆಯೆತ್ತದೆ, ಮೊಣಕೈಯಿಂದ ಸೈಲೆನ್ಸ್ ಬಟನ್ ಒತ್ತುತ್ತಾರೆ. ಸ್ಯಾಚುರೇಷನ್ ಕ್ಲಿಪ್ ಜಾರಿದ್ದಕ್ಕೂ ಪ್ರಾಣಕ್ಕೆ ಕುತ್ತಾಗುವ ವೇಗದ ಬಡಿತ ವೆಂಟ್ರಿಕ್ಯುಲರ್ ಟ್ಯಾಕಿಕಾರ್ಡಿಯಾಕ್ಕೂ ಹೆಚ್ಚು ಕಡಿಮೆ ಅದೇ ಕಿರುಚಾಟವಿದ್ದರೆ ಅವರ ತಪ್ಪೇನು? ಡೆಮೊಗೆ ಬಂದವರಿಗೆ ಕೇಳಿ: ರೋಗಿಗೊಂದರಂತೆ ಮಿತಿ ಬದಲಿಸಲು ಎಷ್ಟು ಬಾರಿ ಒತ್ತಬೇಕು? ಕ್ಷಣಿಕ ಏರಿಳಿತಕ್ಕೆ ಕೆಲವು ಸೆಕೆಂಡ್ ತಡೆ ಕೊಡಬಹುದೇ? ಯಾವ ಹಾಸಿಗೆ, ಯಾವ ಅಲಾರಂ, ವಾರಕ್ಕೆ ಎಷ್ಟು ಬಾರಿ ಎಂಬ ಪಟ್ಟಿ ತೆಗೆಯಬಹುದೇ? ಎಲ್ಲ ಲೀಡ್‌ನ ಪೂರ್ತಿ ಅಲೆ ಎಷ್ಟು ಗಂಟೆ ಉಳಿಯುತ್ತದೆ? ಬೆಳಗಿನ ರೌಂಡ್ಸ್‌ನಲ್ಲಿ "ರಾತ್ರಿ ಮೂರಕ್ಕೆ ಏನಾಯಿತು" ಎಂದು ಹಿಂದೆ ಸರಿಸಿ ನೋಡಲು 72 ಗಂಟೆಯಾದರೂ ಇರಲಿ.

ಜನರಲ್ ವಾರ್ಡ್‌ಗೆ ಹಾಸಿಗೆಯಡಿ ಇಡುವ ಸೆನ್ಸರ್ ಹಾಳೆಯ ದಾರಿಯೂ ಇದೆ, ಬೆಂಗಳೂರಿನದೇ ಡೋಜಿ ಇದಕ್ಕೆ ಹೆಸರಾದದ್ದು. ಮೈಗೆ ತಂತಿಯಿಲ್ಲದೆ ಬಡಿತ, ಉಸಿರಾಟ ಅಳೆಯುತ್ತದೆ, ಹದಗೆಡುತ್ತಿರುವವರನ್ನು ಬೇಗ ಗುರುತಿಸಲು ಒಳ್ಳೆಯದು. ಆದರೆ ಹಾಳೆಯ ಕಂಪನದಲ್ಲಿ ಎಸ್‌ಟಿ ಏರಿಕೆ ಕಾಣದು. ಸಿಸಿಯು ಮಾನಿಟರ್‌ಗೆ ಅದನ್ನು ಬದಲಿ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಅಗ್ಗದ ಮಾನಿಟರ್‌ಗಳ ವಿಷಯದಲ್ಲಿ ಇನ್ನೊಂದು ಎಚ್ಚರ. 2025ರ ಜನವರಿಯಲ್ಲಿ ಅಮೆರಿಕದ ಸೈಬರ್ ಭದ್ರತಾ ಸಂಸ್ಥೆ ಮತ್ತು ಎಫ್‌ಡಿಎ (ಅಲ್ಲಿನ ಔಷಧ, ವೈದ್ಯಕೀಯ ಸಾಧನಗಳ ನಿಯಂತ್ರಕ), ಕಾಂಟೆಕ್ ಸಿಎಂಎಸ್8000 ಮಾನಿಟರ್‌ನೊಳಗೆ ಹಿಂಬಾಗಿಲು ಇದೆ, ರೋಗಿಯ ಮಾಹಿತಿ ಹೊರಗಿನ ವಿಳಾಸವೊಂದಕ್ಕೆ ಹೋಗುತ್ತಿದೆ ಎಂದು ಎಚ್ಚರಿಸಿದವು. ಮಾನಿಟರ್ ಜಾಲಕ್ಕೆ ಇಂಟರ್‌ನೆಟ್ ತಾಗದಂತೆ ಬೇರೆ ಸ್ವಿಚ್, ಬೇರೆ ವಿಲ್ಯಾನ್ (ಒಳಗೇ ಬೇರ್ಪಡಿಸಿದ ಜಾಲ) ಮಾಡುವುದು ಸಾಫ್ಟ್‌ವೇರ್‌ಗಿಂತ ಮುಂಚಿನ ಕೆಲಸ.

ಸರ್ವರೋ ಕ್ಲೌಡೋ, ಕರಾರಿನಲ್ಲಿ ಏನಿರಬೇಕು

2022ರ ನವೆಂಬರ್‌ನಲ್ಲಿ ದೆಹಲಿಯ ಏಮ್ಸ್ ಸರ್ವರ್‌ಗಳ ಮೇಲೆ ರ‍್ಯಾನ್ಸಮ್‌ವೇರ್ ದಾಳಿಯಾದಾಗ ಸುಮಾರು ಎರಡು ವಾರ ಕೈಬರಹದಲ್ಲೇ ಕೆಲಸ ಸಾಗಿಸಬೇಕಾಯಿತು. ಏಮ್ಸ್‌ಗೇ ಹೀಗಾದರೆ, ಮೆಟ್ಟಿಲ ಕೆಳಗೆ ಸರ್ವರ್ ಇಟ್ಟು ಎಲ್ಲರಿಗೂ ಒಂದೇ ಪಾಸ್‌ವರ್ಡ್ ಕೊಟ್ಟಿರುವ ಆಸ್ಪತ್ರೆಗಳ ಗತಿ ಯೋಚಿಸಿ. ಕ್ಲೌಡ್ ಆದರೆ ಸುರಕ್ಷಿತ ಎಂದೂ ಅಲ್ಲ. 2019ರಲ್ಲಿ ಜರ್ಮನಿಯ ಗ್ರೀನ್‌ಬೋನ್ ಕಂಪನಿ ಪಾಸ್‌ವರ್ಡೇ ಇಲ್ಲದೆ ಇಂಟರ್‌ನೆಟ್‌ಗೆ ತೆರೆದಿಟ್ಟ ಪ್ಯಾಕ್ಸ್ ಸರ್ವರ್‌ಗಳನ್ನು ದೇಶ ದೇಶಗಳಲ್ಲಿ ಪತ್ತೆಹಚ್ಚಿತು, ಭಾರತದವೂ ಅದರಲ್ಲಿದ್ದವು.

ನನ್ನ ಆಯ್ಕೆ: ಕ್ಯಾಥ್‌ಲ್ಯಾಬ್ ಇದ್ದರೆ ಇತ್ತೀಚಿನ ಚಿತ್ರಗಳು ಆಸ್ಪತ್ರೆಯೊಳಗೇ ಇರಲಿ, ಕೇಬಲ್ ಕತ್ತರಿಸಿದ ದಿನವೂ ಹಿಂದಿನ ಆಂಜಿಯೋ ತೆರೆಯಬೇಕು. ಬ್ಯಾಕಪ್ ಹೊರಗಿರಲಿ. ಕ್ಯಾಥ್‌ಲ್ಯಾಬ್ ಇಲ್ಲದ, ಎಕೋ ಮತ್ತು ಇಸಿಜಿ ಮಾತ್ರ ಇರುವ ಕಡೆ ಸರ್ವರ್ ಸಾಕುವುದಕ್ಕಿಂತ ಕ್ಲೌಡ್ ಹಗುರ.

ಬೆಲೆ ಹೋಲಿಸುವಾಗ ಮೊದಲ ಬಿಲ್ಲು ನೋಡಬೇಡಿ, ಐದು ವರ್ಷದ ಮೊತ್ತ ಬರೆಸಿಕೊಳ್ಳಿ. ಎಎಂಸಿ (ವಾರ್ಷಿಕ ನಿರ್ವಹಣಾ ಕರಾರು) ಶೇಕಡಾ ಎಷ್ಟು, ಯಾವ ವರ್ಷದಿಂದ. ಲೈಸೆನ್ಸ್ ತಲೆಗೊಂದೋ, ಒಮ್ಮೆಗೆ ಎಷ್ಟು ಜನ ಎಂಬ ಲೆಕ್ಕವೋ. ಹೊಸ ಎಕೋ ಯಂತ್ರ ಬಂದಾಗ ಜೋಡಿಸಲು ಮತ್ತೆ ದುಡ್ಡೋ. ಆಸ್ಪತ್ರೆಯ ಮುಖ್ಯ ಸಾಫ್ಟ್‌ವೇರ್‌ಗೆ ಎಚ್‌ಎಲ್7 (ಆಸ್ಪತ್ರೆ ಸಾಫ್ಟ್‌ವೇರ್‌ಗಳು ಮಾಹಿತಿ ಹಂಚಿಕೊಳ್ಳುವ ಮಾನದಂಡ) ಕೊಂಡಿ ಬೆಲೆಯೊಳಗಿದೆಯೋ ಹೊರಗೋ. ಜಿಇ, ಫಿಲಿಪ್ಸ್, ಸೀಮೆನ್ಸ್ ಮೂರಕ್ಕೂ ಬೆಂಗಳೂರಿನಲ್ಲಿ ದೊಡ್ಡ ತಂತ್ರಜ್ಞಾನ ಕೇಂದ್ರಗಳಿವೆ, ಹೆಮ್ಮೆಯ ಮಾತೇ. ಆದರೆ ರಾಯಚೂರಿನ ಆಸ್ಪತ್ರೆಗೆ ಬೇಕಿರುವ ಸರ್ವಿಸ್ ಎಂಜಿನಿಯರ್ ಎಲ್ಲಿ ಕೂರುತ್ತಾರೆ ಎಂಬುದು ಬೇರೆ ಪ್ರಶ್ನೆ, ಅದನ್ನೂ ಕೇಳಿ.

ಬಿಟ್ಟು ಹೋಗುವ ದಿನದ ಷರತ್ತು ಸೇರುವ ದಿನವೇ ಬರೆಯಬೇಕು. ಎಲ್ಲ ಚಿತ್ರ ಡೈಕಾಮ್‌ನಲ್ಲಿ, ಎಲ್ಲ ಇಸಿಜಿ ಅಲೆಯ ರೂಪದಲ್ಲಿ, ಎಲ್ಲ ರಿಪೋರ್ಟ್ ಪಿಡಿಎಫ್ ಜೊತೆಗೆ ಸಂಖ್ಯೆಗಳ ಕೋಷ್ಟಕವಾಗಿ, ಇಂತಿಷ್ಟು ದಿನದಲ್ಲಿ, ಇಂತಿಷ್ಟು ಹಣಕ್ಕೆ. ರಿಪೋರ್ಟಿನ ಸಂಖ್ಯೆಗಳನ್ನು ಕೊಡುವುದಿಲ್ಲ ಎನ್ನುವವರು ಇದ್ದಾರೆ, ಅಲ್ಲೇ ಮಾತು ಮುಗಿಸಿ.

ಡೆಮೊ ದಿನ ನಿಮ್ಮ ಕೈಯಲ್ಲಿ ಏನಿರಬೇಕು

ಅವರ ಲ್ಯಾಪ್‌ಟಾಪ್‌ನ ಮಾದರಿ ರೋಗಿಯನ್ನು ನೋಡುತ್ತ ಕೂರಬೇಡಿ. ಹೆಸರು ತೆಗೆದ ನಿಮ್ಮದೇ ಫೈಲ್‌ಗಳನ್ನು ಪೆನ್‌ಡ್ರೈವ್‌ನಲ್ಲಿ ಕೊಡಿ: ಎರಡು ಬೇರೆ ಕಂಪನಿಯ ಯಂತ್ರದಲ್ಲಿ ತೆಗೆದ ಒಬ್ಬರದೇ ಎಕೋ, ಬೇರೆ ಆಸ್ಪತ್ರೆಯ ಆಂಜಿಯೋ ಸಿಡಿ, ಹಳೆಯ ಯಂತ್ರದ ಒಂದು ಇಸಿಜಿ. ಮೂರನ್ನೂ ಒಬ್ಬ ರೋಗಿಯ ಹೆಸರಿನಡಿ ತರಲು ಹೇಳಿ, ನೀವು ಸುಮ್ಮನೆ ನೋಡಿ.

ಆಮೇಲೆ ಹೆಸರಿನ ಪರೀಕ್ಷೆ. ಮಂಜುನಾಥ್, ಮಂಜುನಾಥ, ಮಂಜುನಾಥ ಎಸ್., ಎಸ್. ಮಂಜುನಾಥ: ನಮ್ಮ ಆಸ್ಪತ್ರೆಗಳಲ್ಲಿ ಒಬ್ಬರೇ ನಾಲ್ವರಾಗುವುದು ಹೀಗೆ, ಹಳೆಯ ದಾಖಲೆ ಕಳೆದುಹೋಗುವುದು ಹೆಚ್ಚಾಗಿ ಇಲ್ಲೇ. ಯಂತ್ರದ ಮುಂದೆ ಯಾರೂ ಹೆಸರು ಟೈಪ್ ಮಾಡದೆ ರಿಜಿಸ್ಟ್ರೇಷನ್ ಕೌಂಟರ್‌ನಿಂದಲೇ ವರ್ಕ್‌ಲಿಸ್ಟ್ (ಯಾರಿಗೆ ಯಾವ ಪರೀಕ್ಷೆ ಎಂಬ ಪಟ್ಟಿ) ಬಂದು ಕೂರಬೇಕು. ಅದು ಎಕೋಗೂ ಇಸಿಜಿಗೂ ಎರಡಕ್ಕೂ ಬರುತ್ತದೆಯೇ ನೋಡಿ, ಇಸಿಜಿಗೆ ಬಾರದಿರುವುದೇ ಹೆಚ್ಚು. ಯುಎಚ್‌ಐಡಿ (ಆಸ್ಪತ್ರೆ ಕೊಡುವ ರೋಗಿ ಸಂಖ್ಯೆ) ಜೊತೆ 14 ಅಂಕಿಯ ಆಭಾ (ರಾಷ್ಟ್ರೀಯ ಆರೋಗ್ಯ ಗುರುತು) ಸಂಖ್ಯೆಗೂ ಜಾಗವಿದೆಯೇ, ಎರಡು ದಾಖಲೆ ಒಬ್ಬರವೇ ಎಂದು ಗೊತ್ತಾದಾಗ ಒಂದುಗೂಡಿಸಬಹುದೇ, ತಪ್ಪಾಗಿ ಒಂದುಗೂಡಿಸಿದರೆ ಬಿಡಿಸಬಹುದೇ? ಹೆಸರನ್ನು ಕನ್ನಡದಲ್ಲಿ ಕೊಟ್ಟು ನೋಡಿ. ಡೈಕಾಮ್‌ನಲ್ಲಿ ಅದಕ್ಕೆ ಅವಕಾಶವಿದೆ, ಆದರೂ ಬಹಳಷ್ಟು ಪರದೆಗಳಲ್ಲಿ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಬರುತ್ತದೆ.

ಪರೀಕ್ಷೆ ಮಾಡಬೇಕಾದವರು ಖರೀದಿ ಸಮಿತಿಯವರಲ್ಲ. ದಿನಕ್ಕೆ ಮೂವತ್ತು ಎಕೋ ಮಾಡುವ ಟೆಕ್ನಿಷಿಯನ್, ರಾತ್ರಿ ಪಾಳಿಯ ಸಿಸ್ಟರ್, ರಿಪೋರ್ಟ್ ಬರೆಯುವ ತಜ್ಞರು, ಈ ಮೂವರನ್ನು ಕೂರಿಸಿ ಮೌಸ್ ಅವರ ಕೈಗೆ ಕೊಡಿ. ಮಾರಾಟಗಾರರ "ಅದು ಮುಂದಿನ ವರ್ಷನ್‌ನಲ್ಲಿ ಬರುತ್ತೆ ಸಾರ್" ಎಂಬ ಮಾತು ಬಂದಾಗಲೆಲ್ಲ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಆ ಪಟ್ಟಿಯನ್ನು ಪರ್ಚೇಸ್ ಆರ್ಡರ್‌ಗೆ ಅನುಬಂಧವಾಗಿ ಸೇರಿಸಿ, ಕೊನೆಯ ಕಂತನ್ನು ಅದಕ್ಕೆ ಗಂಟು ಹಾಕಿ.